ಕೀಲಿ ಕೊಡುವ ಮೊದಲು

ಕೂತುಕೊಳ್ಳಿ ಫೆಲ್ಸಿ ಸಿಸ್ಟರ್, ಹತ್ತೇ ನಿಮಿಷ.
ಉಮ್ಮುಲ್ ಕುವೈನಿನ ಈ ಯಾರ್ಡಿನಿಂದ ಗಾಡಿ ಹೊರಡುವ ಮೊದಲು
ಎಲ್ಲರಿಗೂ ಹೇಳ್ತೇನೆ, ಯಾರೂ ಕೇಳುವುದಿಲ್ಲ.
ಹಾಸಿಗೆ ಒತ್ತಿ ನೋಡ್ತಾರೆ, ಟಾಯ್ಲೆಟ್ಟಿಗೆ ಮೂಗು ಮುಚ್ಚಿ ಇಣುಕ್ತಾರೆ,
ಫ್ರಿಜ್ಜಿನ ಹತ್ತಿರ ಬಂದಾಗ ಮಾತ್ರ
"ಗೊತ್ತುಂಟು, ಮನೆಯಲ್ಲೂ ಇದೆಯಲ್ಲ."
ಮನೆಯದ್ದಕ್ಕೆ ಒಂದೇ ಬಾಯಿ ಮಾರಾಯ್ರೆ, ಗೋಡೆಯಿಂದ ಉಣ್ಣುತ್ತದೆ.
ಇದಕ್ಕೆ ಮೂರು.

ಗಾಡಿ ಓಡುವಾಗ ಬ್ಯಾಟರಿ, ಹನ್ನೆರಡು ವೋಲ್ಟು.
ಇದ್ದ ತಂಪನ್ನು ಹಿಡಿದಿಡಲಿಕ್ಕೆ ಸಾಕು,
ಹೊಸ ತಂಪು ಹುಟ್ಟಿಸಲಿಕ್ಕೆ ಸಾಲದು.
ಇಂಜಿನ್ ನಿಲ್ಲಿಸಿ ಇದನ್ನು ಮರೆತಿರೋ,
ಬೆಳಿಗ್ಗೆ ಗಾಡಿ ಕೆಮ್ಮುವುದೂ ಇಲ್ಲ.
ಕಳೆದ ಚಳಿಗೆ ಒಬ್ಬರು ಮರೆತರು,
ನಾನು ನಾನೂರು ಕಿಲೋಮೀಟರು ಹೋದೆ, ಎರಡು ವಯರು ಹಿಡಿದು.

ಕ್ಯಾಂಪಿನಲ್ಲಿ ಕರೆಂಟಿನ ಕಂಬ ಸಿಕ್ಕಿದರೆ ಈ ನೀಲಿ ಕೇಬಲ್ಲು.
ಕಂಬ ಸಿಕ್ಕಿದ ರಾತ್ರಿ ನೀವೇ ಅರಸರು.
ನೀವು ಹೋಗುವುದು ಲಿವಾದ ಆಚೆ.
ಅಲ್ಲಿ ಕಂಬ ಇಲ್ಲ, ಕಂಬದ ನೆರಳೂ ಇಲ್ಲ.

ಅಲ್ಲಿ ಗ್ಯಾಸು.
ಬಗ್ಗಿ ನೋಡಿ, ಈ ಸಣ್ಣ ಕಿಂಡಿಯಲ್ಲಿ
ಕಡಲೆಕಾಳಿನಷ್ಟು ಬೆಂಕಿ ಕಂಡಿತಾ?
ತಂಪು ಮಾಡುವುದು ಅದೇ.
ನಗಬೇಡಿ. ಬೆಂಕಿ ಅಮೋನಿಯಾವನ್ನು ನೀರಿನಿಂದ ಎಬ್ಬಿಸುತ್ತದೆ,
ಅದು ಆವಿಯಾಗಿ ಏರಿ, ಆರಿ, ಹನಿಯಾಗಿ,
ಒಳಗಿನ ಬಿಸಿಯನ್ನೆಲ್ಲ ಕುಡಿದು
ಮತ್ತೆ ನೀರನ್ನೇ ಸೇರುತ್ತದೆ.
ಪಂಪಿಲ್ಲ, ಮೋಟರಿಲ್ಲ.
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಹನ್ನೊಂದು ವರ್ಷ
ಇದೇ ಅಮೋನಿಯಾದ ಜೊತೆ ಇದ್ದವ ನಾನು.
ಅಲ್ಲಿ ಅದು ಗೋಡೆ ನಡುಗುವ ಹಾಗೆ ಬೊಬ್ಬೆ ಹಾಕುತ್ತಿತ್ತು,
ಇಲ್ಲಿ ಬುತ್ತಿಯೊಳಗಿನ ಅನ್ನದ ಹಾಗೆ ಸುಮ್ಮನಿದೆ.
ಕಣ್ಣಿಗೆ ಚುಚ್ಚುವ ವಾಸನೆ ಬಂದರೆ
ಎಲ್ಲ ಬಂದ್ ಮಾಡಿ ಹೊರಗೆ ಬನ್ನಿ.
ಪೆಟ್ರೋಲ್ ಪಂಪಿಗೆ ಹೋಗುವ ಮೊದಲು ಬೆಂಕಿ ಆರಿಸಿ.
ಇದನ್ನು ಎರಡು ಸಲ ಹೇಳ್ತೇನೆ.
ಪೆಟ್ರೋಲ್ ಪಂಪಿಗೆ ಹೋಗುವ ಮೊದಲು.

ಮೊದಲ ರಾತ್ರಿಯೇ ಫೋನು ಬಂತು.
"ಉಮ್ಮರಬ್ಬರೇ, ಬೆಂಕಿ ಉರೀತಾ ಉಂಟು, ತಂಪಾಗ್ತಾ ಇಲ್ಲ.
ಅಂಜಲ್ ಮೀನು ಬೆವರುತ್ತಿದೆ."
ಹಿಂದೆ ನಗು. ನಾಲ್ವರು ನರ್ಸುಗಳಿಗೆ
ಮೂರು ವರ್ಷದ ಮೇಲೆ ಒಟ್ಟಿಗೆ ಸಿಕ್ಕಿದ ಎರಡು ದಿನ ರಜೆ.
"ಫ್ರಿಜ್ಜಿನೊಳಗೆ ಒಂದು ಬಟ್ಟಲು ನೀರಿಡಿ. ಎತ್ತ ವಾಲಿತು?"
"ಎಡಕ್ಕೆ. ಚೆಲ್ಲುವಷ್ಟು."
ಮರಳು ಚಕ್ರವನ್ನು ನುಂಗಿದೆ.
ಅಮೋನಿಯಾ ಏರಲಾರದೆ, ಇಳಿಯಲಾರದೆ
ಯಾವುದೋ ಕೊಳವೆಯ ಮೂಲೆಯಲ್ಲಿ ಕೂತಿದೆ.
ಬೆಂಕಿಯ ತಪ್ಪಲ್ಲ, ಗ್ಯಾಸಿನದೂ ಅಲ್ಲ.
"ಸೀಟಿನ ಅಡಿಯಲ್ಲಿ ಹಳದಿ ಆಪುಗಳು ಉಂಟು,
ಎಡಚಕ್ರಕ್ಕೆ ಕೊಡಿ, ನಿಧಾನ ಹತ್ತಿಸಿ, ಬಟ್ಟಲು ನೋಡುತ್ತಾ ಇರಿ."
ಇಂಜಿನು ಕೆನೆಯಿತು.
ಒಬ್ಬಳು ಮಲಯಾಳದಲ್ಲಿ, ಇನ್ನೊಬ್ಬಳು ಕೊಂಕಣಿಯಲ್ಲಿ
ಸಾಕು, ಸಾಕು, ಇಲ್ಲ, ಇನ್ನೂ ಒಂದು ಚೂರು.
ಮತ್ತೆ ಫೋನಿನ ತುಂಬ ಬರೀ ಗಾಳಿ.
"ಸರಿಯಾಯ್ತು" ಅಂದರು.
"ಬೆಳಗಿನವರೆಗೆ ಕಾಯಿರಿ. ಬಾಗಿಲು ತೆಗೆದು ತೆಗೆದು ನೋಡಬೇಡಿ."

ಅಜ್ಮಾನಿನ ನಮ್ಮ ಕೋಣೆಯಲ್ಲಿ ಏಳು ಜನಕ್ಕೆ ಒಂದು ಫ್ರಿಜ್ಜು.
ಒಬ್ಬೊಬ್ಬರ ಪಾಲಿಗೂ ಬಿಳಿ ಟೇಪು, ಟೇಪಿನ ಮೇಲೆ ಹೆಸರು.
ಇಸುಬು ವೀಸಾ ಮುಗಿದು ಹೋಗಿ ಹತ್ತು ತಿಂಗಳಾಯಿತು.
ಅವನ ಟೇಪು ಇದೆ, ಅರ್ಧ ಬಾಟಲಿ ಮಾವಿನ ಉಪ್ಪಿನಕಾಯಿಯೂ ಇದೆ.
ಅದನ್ನು ಯಾರೂ ತಿನ್ನುವುದಿಲ್ಲ, ಯಾರೂ ಎಸೆಯುವುದಿಲ್ಲ.
ಕಂಪ್ರೆಸರು ಶುರುವಾದರೆ ನನ್ನ ಮಂಚವೂ ನಡುಗುತ್ತದೆ.
ನಿದ್ದೆ ಬರಲಿಲ್ಲ. ಎದ್ದು
ಒಂದು ಲೋಟ ನೀರು ತಂದು ಫ್ರಿಜ್ಜಿನ ತಲೆ ಮೇಲೆ ಇಟ್ಟೆ.
ಬಲಕ್ಕೆ ವಾಲಿತ್ತು.
ಇದು ಆ ಜಾತಿಯದ್ದಲ್ಲ,
ಇದಕ್ಕೆ ಒಂದು ಚೂರು ವಾಲಿದರೆ ಏನೂ ಆಗುವುದಿಲ್ಲ, ಗೊತ್ತು.
ಆದರೂ ಖರ್ಜೂರದ ಪೆಟ್ಟಿಗೆಯ ರಟ್ಟು ಹರಿದು, ಮಡಚಿ,
ಕಾಲಿನ ಅಡಿಗೆ ತುರುಕಿದೆ. ಇನ್ನೂ ಒಂದು ಮಡಿಕೆ.
ಮೇಲಿನ ಬರ್ತಿನಿಂದ ಯಾರೋ ಕೇಳಿದರು, "ಯಾರದು?"
"ಮಲಗು," ಅಂದೆ, "ನೀರು ನೋಡ್ತಾ ಇದ್ದೇನೆ."